‘ಅಮ್ಮನಿಗೆ’ ಎಂಬ ಫೈಲು

ಯೊಬುಕೊ ಬಂದರು, ಸಾಗಾ
14 ಮೇ 2012

ಇಗುಚಿ ಮೊರಿಯೊ ಅವರಿಗೆ,

ಗುರುತು ಪರಿಚಯವಿಲ್ಲದವಳು ಹೀಗೆ ಏಕಾಏಕಿ ಬರೆಯುತ್ತಿದ್ದೇನೆ, ಕ್ಷಮಿಸಿ. ನನ್ನ ಹೆಸರು ಕೊಗಾ ಸುಮಿಯೆ. ಅರವತ್ತೆಂಟು ವರ್ಷ. ನಮ್ಮೂರ ಬೆಳಗಿನ ಸಂತೆಯಲ್ಲಿ ಒಣಗಿಸಿದ ಬೊಂಡಾಸ ಮೀನು ಮಾರುತ್ತೇನೆ. ನಮ್ಮನೆಯವರು ಒಣಗಿಸುತ್ತಾರೆ, ನಾನು ಮಾರುತ್ತೇನೆ, ಅಷ್ಟೇ ನಮ್ಮ ಸಂಸಾರ.

ಜೊತೆಗೆ ಒಂದು ಫ್ಲಾಪಿ ಇಟ್ಟಿದ್ದೇನೆ. ನಮ್ಮ ಬೀದಿಯ ಮಹಿಳಾ ಸಂಘದ ಹಳೆಯ ಅಡುಗೆ ಟಿಪ್ಪಣಿಗಳು ಅದರಲ್ಲಿವೆ. ಕರಾತ್ಸುವಿನ ಕಂಪ್ಯೂಟರ್ ಅಂಗಡಿಗೆ ಒಯ್ದಿದ್ದೆ. ಅಂಗಡಿಯವನು ಅದನ್ನು ಯಂತ್ರದೊಳಗೆ ತೂರಿಸಿ, ತೆರೆ ನೋಡಿ, “ಅಜ್ಜೀ, ಇದ್ರಲ್ಲಿ ಏನೂ ಇಲ್ಲ. ಎಲ್ಲಾ ಒರೆಸಿ ಹೊಸದು ಮಾಡ್ಲಾ ಅಂತ ಕೇಳ್ತಿದೆ. ಮಾಡ್ಬಿಡ್ಲಾ?” ಎಂದ. ನಾನು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. “ಅಯ್ಯೋ ಬಿಡಿ ಅಜ್ಜಿ, ಒತ್ತಲ್ಲ, ಒತ್ತಲ್ಲ! ಅಡುಗೆ ಟಿಪ್ಪಣಿಗೆ ಯಾರಾದ್ರೂ ಹೀಗೆ ಕೈ ಮುರೀತಾರಾ?” ಎಂದು ನಕ್ಕ. ಅವನೇ ನಿಮ್ಮ ವಿಳಾಸ ಬರೆದುಕೊಟ್ಟ. “ಒಸಾಕಾದಲ್ಲಿ ಒಬ್ಬ ಹುಚ್ಚ ಮುದುಕ ಇದ್ದಾನೆ, ಸತ್ತ ಫ್ಲಾಪಿ ಎಬ್ಬಿಸೋದೇ ಅವನ ಕೆಲಸ” ಎಂದ. ಇದು ಅವನ ಮಾತು, ನನ್ನದಲ್ಲ.

ದಯವಿಟ್ಟು ಮನೆಗೆ ಫೋನ್ ಮಾಡಬೇಡಿ. ಉತ್ತರವನ್ನು ಸಂತೆಯ ಕಚೇರಿಯ ವಿಳಾಸಕ್ಕೆ ಬರೆಯಿರಿ. ಆತುರವೇನಿಲ್ಲ. ಆದರೆ ನವೆಂಬರಿಗೆ ಮುಂಚೆ ಆದರೆ ಒಳ್ಳೆಯದು.

ಕೊಗಾ ಸುಮಿಯೆ


ಒಸಾಕಾ
22 ಮೇ 2012

ಕೊಗಾ ಸುಮಿಯೆ ಅವರಿಗೆ ಹುಚ್ಚ ಮುದುಕನ ನಮಸ್ಕಾರಗಳು.

ಫೋನಿನ ಭಯ ಬೇಡ. ನನ್ನ ಎರಡೂ ಕಿವಿ ಕೈಕೊಟ್ಟು ಆರು ವರ್ಷವಾಯಿತು. ನನ್ನ ವ್ಯವಹಾರವೆಲ್ಲ ಅಂಚೆಯಲ್ಲೇ.

ನಿಮ್ಮ ಫ್ಲಾಪಿ ಕಂಪ್ಯೂಟರಿನದಲ್ಲ, ವಾಪುರೊದ್ದು. ಟೈಪ್ ಮಾಡುವುದು, ಪ್ರಿಂಟ್ ತೆಗೆಯುವುದು, ಇವೆರಡು ಬಿಟ್ಟು ಬೇರೇನೂ ಬಾರದ ಆ ದಪ್ಪ ಯಂತ್ರ ಒಂದು ಕಾಲದಲ್ಲಿ ಮನೆಮನೆಯಲ್ಲೂ ಇತ್ತಲ್ಲ, ಅದು. ಒಂದೊಂದು ಕಂಪನಿಯ ವಾಪುರೊ ತನ್ನದೇ ರೀತಿಯಲ್ಲಿ ಬರೆಯುತ್ತಿತ್ತು. ಅದರ ಬರಹ ಅದಕ್ಕೊಂದಕ್ಕೇ ಅರ್ಥ. ಈಗಿನ ಕಂಪ್ಯೂಟರಿಗೆ ಓದಲು ಬರುವುದಿಲ್ಲ. ಓದಲು ಬಾರದ್ದನ್ನೆಲ್ಲ ಖಾಲಿ ಎಂದುಬಿಡುವ ಜಂಬ ಬೇರೆ. ನೀವು ಆ ಅಂಗಡಿಯವನ ಕೈ ಹಿಡಿದದ್ದು ಒಳ್ಳೆಯದಾಯಿತು. ಮುರಿದಿದ್ದರೂ ನಾನು ನಿಮ್ಮ ಪರವೇ ಸಾಕ್ಷಿ ಹೇಳುತ್ತಿದ್ದೆ.

ಅಂಥ ಯಂತ್ರ ಮಾಡುವ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವನು ನಾನು. ಕೊನೆಯ ಒಂಬತ್ತು ವರ್ಷ ಗಿರಾಕಿಗಳ ದೂರು ಕೇಳುವ ಫೋನಿನ ಮುಂದೆ ಕೂತಿದ್ದೆ. ಈಗ ಜನ ಬಿಸಾಡಿದ ನಲವತ್ತೊಂದು ವಾಪುರೊ ನನ್ನ ಮನೆಯಲ್ಲಿವೆ. ನನಗೆ ಕಾಲು ಚಾಚಲು ಜಾಗವಿಲ್ಲ.

ಒಂದು ಮಾತು ಕೇಳಬೇಕು. ಲಕೋಟೆ ಬಿಚ್ಚಿದ ಕೂಡಲೇ ಕೋಣೆಯೆಲ್ಲ ಊದಿನಕಡ್ಡಿಯ ವಾಸನೆ. ಫ್ಲಾಪಿಯ ಮೇಲೆ ಹೊಗೆಯ ಜಿಡ್ಡು, ಒಳಗೆ ಬೂಷ್ಟು. ನಿಮ್ಮ ಸಂಘದವರು ಅಡುಗೆ ಟಿಪ್ಪಣಿಗೆ ದಿನಾ ಪೂಜೆ ಮಾಡ್ತಾರಾ? ಇದನ್ನು ಎಲ್ಲಿಟ್ಟಿದ್ದಿರಿ, ಯಾರು ಟೈಪ್ ಮಾಡಿದ್ದು, ಆ ಯಂತ್ರ ಏನಾಯಿತು, ಇದ್ದದ್ದು ಇದ್ದ ಹಾಗೆ ಹೇಳಿ. ತಿಳಿಯದೆ ಕೈ ಹಾಕಿದರೆ ಉಳಿದಿರುವುದೂ ಹೋದೀತು.

ಇಗುಚಿ


ಯೊಬುಕೊ
30 ಮೇ 2012

ಇಗುಚಿಯವರೇ,

ಅಡುಗೆ ಟಿಪ್ಪಣಿ ಎಂದದ್ದು ಸುಳ್ಳು. ನಾಚಿಕೆಯಾಗುತ್ತಿದೆ.

ಅದು ನನ್ನ ಮಗಳದು. ಚಿನಾತ್ಸು. ಒಬ್ಬಳೇ ಮಗಳು. 1996ರ ನವೆಂಬರ್ ಒಂಬತ್ತರಂದು ಕರಾತ್ಸು ರಸ್ತೆಯ ತಿರುವಿನಲ್ಲಿ ಸ್ಕೂಟರ್ ಜಾರಿ ಹೋಗಿಬಿಟ್ಟಳು. ಇಪ್ಪತ್ತು ವರ್ಷ ಅವಳಿಗೆ.

ಅವತ್ತು ಬೆಳಿಗ್ಗೆ ನಾವಿಬ್ಬರೂ ಜಗಳವಾಡಿದ್ದೆವು. ನರ್ಸಿಂಗ್ ಓದುತ್ತಿದ್ದವಳು ಅದನ್ನು ಬಿಟ್ಟು ಹಕಾತಾಗೆ ಹೋಗಿ ಬ್ರೆಡ್ ಮಾಡುವುದನ್ನು ಕಲಿಯುತ್ತೇನೆ ಎಂದಳು. “ಹಿಟ್ಟು ನಾದೋಕೇನೇ ನಿನ್ನನ್ನ ಇಷ್ಟು ಓದಿಸಿದ್ದು?” ಎಂದೆ. “ನೀನೇನು ಮಾಡ್ತಿದ್ದೀಯ, ಮೀನು ತಾನೇ ಸೀಳ್ತಿರೋದು?” ಎಂದಳು. ನನ್ನ ಮಗಳಲ್ಲವೇ, ಬಾಯಿ ಜೋರು. ಆಗ ನಾನು ಅಂದೆ, “ಹೋಗು. ಹೋದ್ರೆ ಮತ್ತೆ ಈ ಹೊಸ್ತಿಲು ತುಳೀಬೇಡ.” ಅದೇ ನಾನು ಅವಳಿಗೆ ಆಡಿದ ಕೊನೆಯ ಮಾತು. ಅವಳು ಮಹಡಿ ಹತ್ತಿ ಹೋದಳು. ಸ್ವಲ್ಪ ಹೊತ್ತು ವಾಪುರೊದ ಟಕಟಕ ಕೇಳಿಸಿತು. ಆಮೇಲೆ ಸ್ಕೂಟರ್ ಹೊರಟ ಸದ್ದು.

ಪೊಲೀಸರು ಅವಳ ಚೀಲ ತಂದುಕೊಟ್ಟಾಗ ಅದರಲ್ಲಿ ವಾಪುರೊಗೆ ಹಾಕುವ ಹೊಸ ಇಂಕ್ ರಿಬ್ಬನ್ ಇತ್ತು. ಪೊಟ್ಟಣ ಒಡೆದಿರಲಿಲ್ಲ. ಯಂತ್ರದಲ್ಲಿದ್ದ ರಿಬ್ಬನ್ ಮುಗಿದುಹೋಗಿತ್ತು. ಅಂದರೆ ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆಯಲೆಂದೇ ಅವಳು ಪೇಟೆಗೆ ಹೋದದ್ದು. ಏನು ಬರೆದಿದ್ದಳು? ನನ್ನನ್ನು ಬೈದಿದ್ದಳೋ, ಮನೆ ಬಿಡುತ್ತೇನೆ ಎಂದಿದ್ದಳೋ? ಕೋಪದಲ್ಲೇ ಹೋಗಿಬಿಟ್ಟಳೋ? ಹದಿನಾರು ವರ್ಷದಿಂದ ತಲೆಯಲ್ಲಿ ಇದೊಂದೇ. ಓದಲು ಧೈರ್ಯವಿರಲಿಲ್ಲ, ಬಿಡಲು ಮನಸ್ಸಿರಲಿಲ್ಲ.

ಯಂತ್ರವನ್ನು ನಮ್ಮನೆಯವರು ದೊಡ್ಡ ಕಸದ ಗಾಡಿಗೆ ಹಾಕಿಬಿಟ್ಟರು. ಅವರ ಹೆಸರು ಇವಾವೊ. ಅವಳ ನಲವತ್ತೊಂಬತ್ತನೆಯ ದಿನದ ಕಾರ್ಯ ಕೂಡ ಆಗಿರಲಿಲ್ಲ. ನಾನು ಸಂತೆಯಿಂದ ಬರುವಷ್ಟರಲ್ಲಿ ಯಂತ್ರವಿಲ್ಲ, ಫ್ಲಾಪಿ ಮಾತ್ರ ಮೇಜಿನ ಮೇಲಿತ್ತು. “ಯಾಕ್ರೀ ಹೀಗೆ ಮಾಡಿದ್ರಿ?” ಎಂದರೆ, “ಕಣ್ಣೆದುರು ಇರೋದು ಬೇಡ” ಎಂದರು. ಅಂದಿನಿಂದ ಅವರು ಅವಳ ಹೆಸರೆತ್ತಿಲ್ಲ. ಯಂತ್ರದ ಮಾತು ಬಂದರೆ ಎದ್ದು ಹೋಗುತ್ತಾರೆ. ಅಂಥ ಕಲ್ಲು ಮನುಷ್ಯ. ಅದಕ್ಕೇ ಮನೆಗೆ ಫೋನ್ ಬೇಡ ಎಂದದ್ದು.

ಫ್ಲಾಪಿಯನ್ನು ನಾನು ಬುದ್ಧನ ಗೂಡಿನಲ್ಲಿ, ಅವಳ ಫೋಟೊದ ಮುಂದೆ ಇಟ್ಟೆ. ಬೆಳಿಗ್ಗೆ ಸಂಜೆ ಊದಿನಕಡ್ಡಿ, ಒಂದು ದಿನವೂ ತಪ್ಪಿಸಿಲ್ಲ. ಅವಳ ಮಾತನ್ನು ಇಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯಲಿಲ್ಲ.

ಈ ನವೆಂಬರ್ ನಾಲ್ಕರ ಭಾನುವಾರ, ತೀರಿಕೊಂಡ ವರ್ಷವನ್ನೂ ಸೇರಿಸಿ ಎಣಿಸುವ ಹದಿನೇಳನೆಯ ವರ್ಷದ ತಿಥಿ ಇಟ್ಟುಕೊಂಡಿದ್ದೇವೆ. ಅಷ್ಟರೊಳಗೆ ಓದಬೇಕು. ಬೈದಿದ್ದರೂ ಸರಿ, ಓದಬೇಕು.

ಸುಮಿಯೆ


ಒಸಾಕಾ
3 ಜುಲೈ 2012

ಕೊಗಾ ಸುಮಿಯೆ ಅವರಿಗೆ,

ತಡವಾಯಿತು. ಫ್ಲಾಪಿಯ ಚಿಪ್ಪು ಬಿಚ್ಚಿ, ಒಳಗಿನ ತಟ್ಟೆಯನ್ನು ಒರೆಸಿ, ಬೂಷ್ಟು ತೆಗೆದು, ಬೇರೆ ಚಿಪ್ಪಿಗೆ ಹಾಕಿದೆ. ನಿಮ್ಮ ಮಗಳ ಬಳಿಯಿದ್ದಂಥದ್ದೇ ಯಂತ್ರ ನನ್ನಲ್ಲಿತ್ತು. ಅದರ ರಬ್ಬರ್ ಪಟ್ಟಿ ಕರಗಿ ಪಾಕವಾಗಿತ್ತು, ಬದಲಾಯಿಸಿದೆ.

ಫ್ಲಾಪಿಯಲ್ಲಿ ಹನ್ನೊಂದು ಫೈಲುಗಳಿವೆ. ಹತ್ತು ತೆರೆದವು. ಪ್ರಿಂಟ್ ತೆಗೆದು ಕಳಿಸುತ್ತಿದ್ದೇನೆ. ನರ್ಸಿಂಗ್ ಪಾಠದ ಟಿಪ್ಪಣಿಗಳು, ಗೆಳತಿಗೆ ಬರೆದ ಎರಡು ಕಾಗದ, ಬ್ರೆಡ್ ಮಾಡುವ ವಿಧಾನಗಳು.

ಹನ್ನೊಂದನೆಯದರ ಹೆಸರು ‘ಅಮ್ಮನಿಗೆ’. ಅದು ತೆರೆಯಲಿಲ್ಲ. ಹೊಗೆ ಮತ್ತು ಬೂಷ್ಟಿನಿಂದ ಆ ಭಾಗ ಹಾಳಾಗಿದೆ. ನನ್ನಿಂದ ಆಗುವುದೆಲ್ಲ ಮಾಡಿ ನೋಡಿದೆ. ಕ್ಷಮಿಸಬೇಕು.

ಇಗುಚಿ


ಯೊಬುಕೊ
16 ಜುಲೈ 2012

ಇಗುಚಿಯವರೇ,

ಹತ್ತು ಫೈಲುಗಳು ಬಂದವು. ಸಂತೆಯ ಕಚೇರಿಯಲ್ಲೇ ಕೂತು ಓದಿದೆ. ಗಿರಾಕಿಗಳು ಕಾದು ಕಾದು ಹೋದರಂತೆ. ಬ್ರೆಡ್ಡಿನ ಒಂದು ವಿಧಾನದ ಕೆಳಗೆ ಅವಳು ಬರೆದಿದ್ದಾಳೆ: ‘ಇಪ್ಪತ್ತು ನಿಮಿಷ ನಾದಬೇಕು. ಅಮ್ಮನ ಕೈಗೆ ಕೊಟ್ಟರೆ ಹತ್ತೇ ನಿಮಿಷ ಸಾಕು.’ ಓದಿ ನಗು ಬಂತು. ನಗುತ್ತಾ ನಗುತ್ತಾ ಏನಾಯಿತೋ, ಪಕ್ಕದ ಅಂಗಡಿಯವಳು ಬಂದು ಬೆನ್ನು ಸವರಬೇಕಾಯಿತು.

ನಿಮ್ಮಿಂದ ದೊಡ್ಡ ಉಪಕಾರವಾಯಿತು. ಬೇರೆ ಪೊಟ್ಟಣದಲ್ಲಿ ಬೊಂಡಾಸ ಕಳಿಸಿದ್ದೇನೆ. ಬೆಂಕಿಯಲ್ಲಿ ಸುಟ್ಟು ತಿನ್ನಿ.

ಹೊಗೆ ಎಂದು ಬರೆದಿದ್ದೀರಿ. ಅಂದರೆ ನಾನೇ. ನನ್ನ ಕೈಯಾರೆ ನಾನೇ. ಮಗಳು ನನಗೆಂದು ಬರೆದಿಟ್ಟದ್ದನ್ನು ದಿನಕ್ಕೆರಡು ಸಲ, ಹದಿನಾರು ವರ್ಷ, ಕೈಮುಗಿದು ಹಾಳು ಮಾಡಿದೆ. ನಮ್ಮನೆಯವರು ಯಂತ್ರ ಬಿಸಾಡಿದರೆಂದು ಇಷ್ಟು ವರ್ಷ ಅವರ ಮೇಲೆ ಹಲ್ಲು ಕಡಿದೆನಲ್ಲ, ಅವರು ಮಾಡಿದ್ದಕ್ಕಿಂತ ನಾನು ಮಾಡಿದ್ದು ಹೆಚ್ಚಾಯಿತು.

ಈಗ ಊದಿನಕಡ್ಡಿ ಹಚ್ಚುತ್ತಿಲ್ಲ. ಮೊನ್ನೆ ನಮ್ಮನೆಯವರು ಕೇಳಿದರು.

“ಏನೇ, ಊದಿನಕಡ್ಡಿ ಮುಗಿದಿದೆಯಾ?”

“ಇದೆ.”

“ಮತ್ತೆ ಹಚ್ಚಿಲ್ಲ?”

“ಹೊಗೆಗೆ ಕಣ್ಣು ಉರಿಯುತ್ತೆ.”

ಅವರು ಹೆಚ್ಚು ಕೇಳುವ ಮನುಷ್ಯರಲ್ಲ.

ಸುಮಿಯೆ


ಒಸಾಕಾ (ಅಂಚೆ ಕಾರ್ಡು)
1 ಆಗಸ್ಟ್ 2012

ಬೊಂಡಾಸ ಬಂತು. ತಿನ್ನಲು ಮನಸ್ಸಾಗಲಿಲ್ಲ. ಊದಿನಕಡ್ಡಿ ಹಚ್ಚಿರಿ. ಹೊಗೆಯಿಂದ ಆದದ್ದಲ್ಲ, ನಾನು ಬರೆದದ್ದು ತಪ್ಪು. ಹೊಗೆ ಮೇಲಿನ ಚಿಪ್ಪಿಗೆ ಮಾತ್ರ ಹತ್ತಿತ್ತು. ದಯವಿಟ್ಟು ಹಚ್ಚಿರಿ. ಇಗುಚಿ


ಯೊಬುಕೊ
19 ಆಗಸ್ಟ್ 2012

ಇಗುಚಿಯವರೇ,

ನನ್ನ ಸಮಾಧಾನಕ್ಕೆ ಹಾಗೆ ಬರೆದಿದ್ದೀರಿ. ಒಂದು ತಿಂಗಳ ಹಿಂದೆ ಹೊಗೆ, ಈಗ ಹೊಗೆಯಲ್ಲ. ನಾನು ಹಳ್ಳಿಯವಳಾದರೂ ಇಷ್ಟು ತಿಳಿಯದವಳಲ್ಲ. ನಿಮ್ಮ ಮನಸ್ಸು ಒಳ್ಳೆಯದು.

ಓಬೋನ್ ಹಬ್ಬ ಮುಗಿಯಿತು. ಊರೆಲ್ಲ ಬಾಗಿಲ ಮುಂದೆ ಬೆಂಕಿ ಹಚ್ಚಿ ತಮ್ಮ ತಮ್ಮ ಸತ್ತವರನ್ನು ಮನೆಗೆ ಕರೆದುಕೊಂಡರು. ನಾನು ಹಚ್ಚಲಿಲ್ಲ. ಹೊಸ್ತಿಲು ತುಳಿಯಬೇಡ ಎಂದು ಬಾಯಲ್ಲಿ ಒಮ್ಮೆ ಹೇಳಿದ್ದೆ. ಈ ವರ್ಷ ಅವಳಿಗೆ ದಾರಿಯನ್ನೂ ತೋರಿಸಲಿಲ್ಲ. ಎಲ್ಲಿ ನಿಂತು ನೋಡಿದಳೋ ನನ್ನ ಕೂಸು.

ಇನ್ನು ಬರೆಯಬೇಡಿ. ಫ್ಲಾಪಿಯನ್ನೂ ಕಳಿಸಬೇಡಿ.

ಸುಮಿಯೆ


ಒಸಾಕಾ
5 ಸೆಪ್ಟೆಂಬರ್ 2012

ಸುಮಿಯೆ ಅವರೇ,

ಬರೆಯಬೇಡಿ ಎಂದಿರಿ. ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ.

ನಾನು ಸುಳ್ಳು ಹೇಳಿದೆ. ‘ಅಮ್ಮನಿಗೆ’ ಫೈಲು ತೆರೆಯಿತು. ಉಳಿದ ಹತ್ತಕ್ಕಿಂತ ಸಲೀಸಾಗಿ ತೆರೆಯಿತು. ಅದರಲ್ಲಿ ಒಂದು ಪುಟವಿದೆ. ಪುಟದಲ್ಲಿ ಒಂದಕ್ಷರವೂ ಇಲ್ಲ.

ಆ ಯಂತ್ರದೊಳಗೆ ಗಡಿಯಾರವಿದೆ. ಫೈಲನ್ನು ಯಾವಾಗ ಉಳಿಸಿದರೋ ಆ ದಿನ ಅದರಲ್ಲೇ ಬರೆದಿರುತ್ತದೆ. ‘ಅಮ್ಮನಿಗೆ’ ಕೊನೆಯ ಬಾರಿ ಉಳಿದದ್ದು 1996ರ ನವೆಂಬರ್ ಇಪ್ಪತ್ತು, ಬೆಳಿಗ್ಗೆ ಹತ್ತೂವರೆಗೆ. ನಿಮ್ಮ ಮಗಳು ತೀರಿಕೊಂಡ ಹನ್ನೊಂದನೆಯ ದಿನ.

ಯಾರೋ ಆ ದಿನ ಯಂತ್ರ ಹಚ್ಚಿದ್ದಾರೆ. ಅವಳ ಪುಟ ತೆರೆದಿದ್ದಾರೆ. ಕೈ ಎಲ್ಲೋ ತಗುಲಿ ಪುಟ ಬಿಳಿಯಾಗಿದೆ. ಆಗ ಯಂತ್ರ ಕೇಳುತ್ತದೆ, ಹಳೆಯದರ ಜಾಗದಲ್ಲಿ ಇದನ್ನೇ ಉಳಿಸಲೇ ಎಂದು. ಗಾಬರಿಯಾದವರು ಕೀಲಿಮಣೆಯ ದೊಡ್ಡ ಕೀಲಿ ಒತ್ತುತ್ತಾರೆ, ಅದೆಂದರೆ ‘ಹೌದು’. ಒತ್ತಿದರೆ ಮುಗಿಯಿತು. ಕೆಳಗೆ ಅಕ್ಷರದ ಕುರುಹು ಉಳಿದಿದೆಯೇ ಎಂದು ಎರಡು ತಿಂಗಳು ಕೆದಕಿದೆ. ಬರೀ ಸೊನ್ನೆ.

ದೊಡ್ಡ ಕೀಲಿಯನ್ನೇ ಯಾಕೆ ಒತ್ತುತ್ತಿದ್ದರು ಗೊತ್ತೇ? ವಯಸ್ಸಾದವರು ಹೆದರುತ್ತಾರೆಂದು ನಮ್ಮ ಕಂಪನಿಯವರು ಆ ಯಂತ್ರದ ಹಣೆಗೆ ಒಂದು ಚೀಟಿ ಅಂಟಿಸಿ ಮಾರುತ್ತಿದ್ದರು. ‘ಯಂತ್ರ ಏನು ಕೇಳಿದರೂ ಗಾಬರಿ ಬೇಡ, ದೊಡ್ಡ ಕೀಲಿ ಒತ್ತಿ.’ ಆ ವಾಕ್ಯ ಬರೆದವನು ನಾನು. ಶಹಬ್ಬಾಸ್ ಎಂದು ಬೆನ್ನು ತಟ್ಟಿಸಿಕೊಂಡಿದ್ದೆ. ಆಮೇಲೆ ಒಂಬತ್ತು ವರ್ಷ ಫೋನಿನ ಮುಂದೆ ಕೂತು, ಅದನ್ನು ಒತ್ತಿ ಎಲ್ಲ ಕಳೆದುಕೊಂಡವರ ಅಳು ಕೇಳಿದೆ.

ನಿಮ್ಮ ಮನೆಯಲ್ಲಿ ಅದನ್ನು ಒತ್ತಿದ್ದು ಯಾರೆಂದು ನಾನು ಹೇಳಬೇಕಾಗಿಲ್ಲ. ಸಂಸಾರದಲ್ಲಿ ಬೆಂಕಿ ಹಚ್ಚುವುದು ಬೇಡವೆಂದು ಹೊಗೆಯ ಮೇಲೆ ಹಾಕಿದೆ. ನೀವು ಅದನ್ನು ನಿಮ್ಮ ತಲೆಯ ಮೇಲೆ ಹೊತ್ತುಕೊಳ್ಳುತ್ತೀರೆಂದು ಈ ಮುದಿ ತಲೆಗೆ ಹೊಳೆಯಲಿಲ್ಲ. ನಿಮ್ಮ ಊದಿನಕಡ್ಡಿಯ ತಪ್ಪು ಇದರಲ್ಲಿ ಕೂದಲೆಳೆಯಷ್ಟೂ ಇಲ್ಲ. ಅವರನ್ನೂ ಹೆಚ್ಚು ನೋಯಿಸಬೇಡಿ. ಅಳಿಸಲು ಹೋದ ಕೈಯಲ್ಲ ಅದು. ಓದಲು ಹೋದ ಕೈ.

ಇಗುಚಿ ಮೊರಿಯೊ


ಒಸಾಕಾ (ಅಂಚೆ ಕಾರ್ಡು)
12 ಅಕ್ಟೋಬರ್ 2012

ಐದು ವಾರವಾಯಿತು, ಉತ್ತರವಿಲ್ಲ. ಕೇಳುವ ಹಕ್ಕು ನನಗಿಲ್ಲ, ಗೊತ್ತು. ದಿನಾ ಅಂಚೆಯವನನ್ನು ನೋಡುತ್ತೇನೆ. “ಏನು ತಾತ, ಹುಡುಗಿ ಗೊತ್ತಾಗಿದೆಯಾ?” ಎಂದು ಅವನು ಕಾಗದದ ಮೇಲೆ ಬರೆದು ತೋರಿಸಿ ನಗುತ್ತಾನೆ. ಚೆನ್ನಾಗಿದ್ದೇನೆ ಎಂದು ಒಂದು ಸಾಲು ಸಾಕು. ಇಗುಚಿ


ಯೊಬುಕೊ
13 ನವೆಂಬರ್ 2012

ಇಗುಚಿಯವರೇ,

ಇದ್ದೇನೆ. ಚೆನ್ನಾಗಿದ್ದೇನೆ ಎಂದು ಬರೆಯಲು ಬರುವುದಿಲ್ಲ.

ನಿಮ್ಮ ಕಾಗದ ಓದಿದ ದಿನವೇ ಊದಿನಕಡ್ಡಿ ಹಚ್ಚಿದೆ. ಆಮೇಲೆ ಸಿಟ್ಟು ಬಂತು. ನಿಮ್ಮ ಮೇಲಲ್ಲ. ಸ್ವಲ್ಪ ನಿಮ್ಮ ಮೇಲೂ. ಒಂದು ವಾರ ನಮ್ಮನೆಯವರೊಡನೆ ಮಾತು ಬಿಟ್ಟೆ. ಅವರಿಗೆ ಗೊತ್ತೇ ಆಗಲಿಲ್ಲ, ನಮ್ಮ ಮನೆಯಲ್ಲಿ ಮಾತು ಅಷ್ಟು ಕಡಿಮೆ. ಎದುರಿಗೆ ಕೂತು ಬೊಂಡಾಸ ಸೀಳುವಾಗ ಆ ಕೈಗಳನ್ನೇ ನೋಡುತ್ತಿದ್ದೆ. ಇದೇ ಬೆರಳು, ಇದೇ ಬೆರಳು ಎಂದು. ಕೇಳಬೇಕೆಂದು ಬಾಯಿ ತೆರೆದು, ಮತ್ತೆ ಚಾಕು ಕೈಗೆತ್ತಿಕೊಳ್ಳುತ್ತಿದ್ದೆ.

ತಿಥಿ ಆಯಿತು. ಭಿಕ್ಷುಗಳು ಮಂತ್ರ ಹೇಳಿ ಊಟ ಮಾಡಿ ಹೋದರು. ನಾನು ಬಟ್ಟಲು ತೊಳೆಯುತ್ತಿದ್ದೆ, ಅವರು ಪಕ್ಕದಲ್ಲಿ ನಿಂತು ಒರೆಸುತ್ತಿದ್ದರು. ಕೇಳಿಯೇಬಿಟ್ಟೆ.

“ರೀ, ಚಿನಾತ್ಸು ಹೋದ ಹನ್ನೊಂದನೇ ದಿನ. ನಾನು ಗುಡಿಗೆ ಹೋಗಿದ್ದೆ. ನೀವು ಮಹಡಿ ಹತ್ತಿದ್ರಿ, ಅಲ್ವಾ?”

ಅವರು ಬಟ್ಟಲನ್ನು ಒರೆಸುತ್ತಲೇ ಇದ್ದರು. ಒಣಗಿದ್ದನ್ನೇ ಒರೆಸುತ್ತಿದ್ದರು.

“ಯಾರು ಹೇಳಿದ್ರು?”

“ಫ್ಲಾಪಿ ಹೇಳ್ತು.”

“ಹ್ಞೂಂ” ಎಂದರು. ಬಟ್ಟಲು ಕೆಳಗಿಟ್ಟು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟರು. ಎಪ್ಪತ್ತೆರಡು ವರ್ಷದ ಮನುಷ್ಯ, ಮಗುವಿನ ಹಾಗೆ ಮಂಡಿ ತಬ್ಬಿಕೊಂಡು. “ನಾನು ಬೇಕೂಂತ ಮಾಡ್ಲಿಲ್ಲ ಕಣೇ. ಅವಳು ಮುಟ್ಟಿದ್ದ ಯಂತ್ರ ಅಂತ ಹೋಗಿ ಕೂತೆ. ಗುಂಡಿ ಒತ್ತಿದೆ, ಅಕ್ಷರ ಬಂತು. ಒಂದು ಸಾಲು ಓದಿದೆ. ಅಷ್ಟಕ್ಕೇ ಕಣ್ಣು ಮಂಜಾಯ್ತು. ಒರೆಸಿಕೊಳ್ಳೋಣ ಅಂತ ಬಾಗಿದೆ, ಮೊಣಕೈ ಎಲ್ಲೋ ತಾಗ್ತು. ಎಲ್ಲಾ ಬಿಳಿ. ಏನೋ ಕೇಳ್ತು ಆ ದರಿದ್ರ ಯಂತ್ರ. ದೊಡ್ಡದು ಒತ್ತಿ ಅಂತ ಚೀಟಿ ಇತ್ತು. ಒತ್ತಿದ್ರೆ ವಾಪಸ್ ಬರುತ್ತೆ ಅಂದ್ಕೊಂಡೆ.”

“ಹದಿನಾರು ವರ್ಷ, ರೀ. ಒಂದು ಮಾತು ಹೇಳಬಾರದಿತ್ತಾ?”

“ಏನಂತ ಹೇಳ್ಲಿ? ಮಗಳು ನಿನಗೆ ಬರೆದಿಟ್ಟಿದ್ಲು, ನಾನು ಒರೆಸಿಬಿಟ್ಟೆ ಅಂತಲಾ? ನೀನು ಬೈದಿದ್ರೆ ತಡ್ಕೊಳ್ತಿದ್ದೆ. ಆ ಸಾಲು ಏನೂಂತ ನೀನು ಕೇಳ್ತಿದ್ದೆ. ಅದನ್ನ ಹೇಳೋಕೆ ನನ್ನ ಕೈಲಾಗ್ತಿರಲಿಲ್ಲ.”

ಬೈಗುಳ ಎಂದುಕೊಂಡೆ. ಅಷ್ಟು ಕೆಟ್ಟದ್ದು ಇರಬೇಕು, ಅದಕ್ಕೇ ಈ ಮನುಷ್ಯ ಮುಚ್ಚಿಟ್ಟಿದ್ದಾರೆ ಎಂದುಕೊಂಡೆ. “ಹೇಳಿ. ಏನಿದ್ರೂ ಹೇಳಿ” ಎಂದೆ.

ಅವರು ನೆಲ ನೋಡುತ್ತಾ ಹೇಳಿದರು. ಓದಿ ಹೇಳುವವರ ಹಾಗೆ, ಒಂದೊಂದೇ ಪದ.

“‘ಅಮ್ಮಾ, ಇವತ್ತು ಸಂಜೆ ಬೇಗ ಬರ್ತೀನಿ.’”

ಅಷ್ಟೇ, ಇಗುಚಿಯವರೇ. ಮುಂದೆ ಏನಿತ್ತೋ ಅವರಿಗೂ ಗೊತ್ತಿಲ್ಲ. ಅವಳು ಕೋಪದಲ್ಲಿ ಹೋಗಿರಲಿಲ್ಲ. ಹೊಸ್ತಿಲು ತುಳಿಯಬೇಡ ಎಂದ ಅಮ್ಮನಿಗೆ ಬೇಗ ಬರ್ತೀನಿ ಎಂದು ಬರೆದಿಟ್ಟು, ಅದನ್ನು ಕಾಗದದ ಮೇಲೆ ತೆಗೆಯಲು ಪೇಟೆಗೆ ಹೋಗಿದ್ದಳು. ಹದಿನಾರು ವರ್ಷ ನಾನು ಒಂದು ಸಮಾಧಾನದ ಮಾತಿಗೆ ಬಾಯಿ ಬಿಡುತ್ತಿದ್ದೆ. ಸಿಕ್ಕಿತು. ಸಿಕ್ಕ ಮೇಲೆ ಗೊತ್ತಾಯಿತು, ಅವರು ಯಾಕೆ ಹೇಳಲಿಲ್ಲವೆಂದು. ನಾನು ಕಲ್ಲು ಎಂದು ಬೈದ ಮನುಷ್ಯ ಆ ಒಂದು ಸಾಲನ್ನು ಒಬ್ಬರೇ ನುಂಗಿಕೊಂಡು ಬದುಕಿದ್ದರು.

ಈಗ ಅವರು ಅವಳ ಹೆಸರು ಹಿಡಿದು ಮಾತಾಡುತ್ತಾರೆ. ನಿನ್ನೆ ಊಟಕ್ಕೆ ಕೂತಾಗ ಕೇಳಿದರು, “ಬೇಗ ಬರ್ತೀನಿ ಅಂದ್ಲಲ್ಲ ಚಿನಾತ್ಸು, ಊಟಕ್ಕೆ ಏನಾದ್ರೂ ಮಾಡಿಡು ಅಂತ ಮುಂದಿನ ಸಾಲಲ್ಲಿ ಬರೆದಿದ್ಲೇನೋ, ಅಲ್ವಾ?” ಹೌದೇನೋ ಎಂದೆ. ಎದ್ದು ಒಳಗೆ ಹೋದೆ.

ನಿಮ್ಮ ಚೀಟಿಯ ಮಾತನ್ನು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನೀವೂ ಅದನ್ನು ಹೊತ್ತು ತಿರುಗಬೇಡಿ. ಆದರೆ ಒಂದು ಮಾತನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಉಸಿರು ಕಟ್ಟುತ್ತದೆ. ನಿಮ್ಮ ಮುಖ ನಾನು ನೋಡಿಲ್ಲ, ನನ್ನ ದನಿ ನೀವು ಕೇಳುವಂತಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಅವತ್ತು ಅವಳ ಸ್ಕೂಟರಿನ ಸದ್ದು ಮರೆಯಾದ ಮೇಲೂ ನನ್ನ ಕೋಪ ಇಳಿದಿರಲಿಲ್ಲ. ಸಂಜೆಯ ಅನ್ನಕ್ಕೆ ಆಗಲೇ ಅಕ್ಕಿ ತೊಳೆದು ನೆನೆಸಿಟ್ಟೆ. ಬೇಕೆಂದೇ, ಇಬ್ಬರಿಗೆ ಮಾತ್ರ.

ಸುಮಿಯೆ